ಗುಮ್ಮ ಕಾಯುವ ಹಡ್ಲು

ಆ ಟ್ರಂಕು ಅಲ್ಲೇ ಇಳಿಸು ತಾಯಿ, ಈ ಬೆಂಚಿನ ಮೇಲೆ ಕೂತ್ಕೋ. ರಸ್ತೆ ಆಚೆ ಬೂದು ಬಣ್ಣದ ಕಂಬ ಕಾಣ್ತಿದೆಯಲ್ಲ, ಅದರಾಚೆಗೆ ಈಗಲೇ ಕಾಲಿಡಬೇಡ. ಕಾವಲು ಕೇಂದ್ರದ ಜೀಪು ನಿನ್ನನ್ನು ಕರ್ಕೊಂಡು ಹೋಗೋಕೆ ಬರೋದು ಇನ್ನೂ ತಡ. ನೀನು ಇಳಿದ ಬಸ್ಸು ಮುಂದಿನೂರು ಮುಟ್ಟಿ ಇದೇ ದಾರೀಲಿ ವಾಪಸ್ ಬರುತ್ತೆ. ಅಷ್ಟರೊಳಗೆ ನಾನು ಹೇಳಬೇಕಾದ್ದು ಮುಗಿಯುತ್ತೆ. ಬೀರಾನ್ ಕಾಕ, ಈ ಹುಡುಗಿಗೊಂದು ಚಾ ಕೊಡಿ, ಸಕ್ಕರೆ ಸ್ವಲ್ಪ ಜಾಸ್ತಿ ಹಾಕಿ. ಹೊಟ್ಟೇಲಿ ಎಷ್ಟು ತಿಂಗಳು? ಐದಾ? ಅಯ್ಯೋ ದೇವರೇ.

ನನ್ನ ಕೈ ನಡುಗೋದು ನೋಡಿ ಗಾಬರಿಯಾಗಬೇಡ, ಕುಡುಕಿ ಅಲ್ಲ ನಾನು. ಹೆಸರು ಮಾದೇವಿ. ಒಳಗೆ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ನಿನ್ನನ್ನು ಹಾಕಿರೋದೂ ಅದೇ ಕೆಲಸಕ್ಕೆ, ಆರ್ಡರ್ ಬಂದಿದೆ, ನೋಡಿದೀನಿ. ಕಂಬದ ಬುಡದಲ್ಲಿ ಕೂತು ಕಲ್ಲಾಟ ಆಡ್ತಾ ಇದಾಳಲ್ಲ, ಕೆಂಪು ಲಂಗದವಳು, ಅವಳು ನನ್ನ ಮಗಳು ಹೊನ್ನಿ. ಎಷ್ಟು ಕರೆದರೂ ರಸ್ತೆ ಈಚೆಗೆ ಬರಲ್ಲ. ನೋಡ್ತೀಯಾ? "ಹೊನ್ನೀ, ಬಾರೇ ಈಚೆ, ಬನ್ ಕೊಡ್ತೀನಿ!" ನೋಡಿದೆಯಲ್ಲ, ತಲೆ ಅಲ್ಲಾಡಿಸ್ತಾಳೆ. ನಾನೂ ಇಲ್ಲಿ ಕೂರೋದು ಭಾನುವಾರ ಮಾತ್ರ, ತಡಕೊಳ್ಳೋಕೆ ಆಗೋವರೆಗೆ ಮಾತ್ರ.

ಬಸ್ಸಿಳಿದಾಗಿಂದ ನಿನಗೆ ಎದೆ ಡವಡವ ಅಂತಿದೆ, ಬೆನ್ನ ಹಿಂದೆ ಯಾರೋ ನಿಂತ ಹಾಗನ್ನಿಸ್ತಿದೆ, ಹೌದು ತಾನೆ? ಅದು ಆ ಕಂಬದ ಕೆಲಸ. ಕಾಗದದ ಮೇಲೆ ಇದಕ್ಕೆ ಮಂದ್ರಬೇಲಿ ಅಂತ ಹೆಸರು. ಕ್ವಾರ್ಟರ್ಸ್ ಜನ ನಾವು ಗುಮ್ಮ ಅಂತೀವಿ. ಕಣಿವೆ ಸುತ್ತಲೂ, ಒಳಗೂ ಇಂಥ ಕಂಬಗಳಿವೆ. ಒಂದು ತಗ್ಗಿನ ಸದ್ದು ಹೊರಡಿಸ್ತವೆ. ಕಿವಿಗೆ ಕೇಳಲ್ಲ, ಹೊಟ್ಟೆಗೆ ಕೇಳುತ್ತೆ. ಮನುಷ್ಯನ ಮೈ ಆ ಸದ್ದನ್ನು ಏನೋ ಬರ್ತಾ ಇದೆ, ಓಡು ಅಂತ ತಿಳ್ಕೊಳ್ಳುತ್ತೆ. ಯಾರಿಗೂ ಗಾಯ ಇಲ್ಲ, ಕರೆಂಟ್ ಹೊಡೆಯಲ್ಲ, ಬಂದವನು ತಾನಾಗೇ ಹೆದರಿ ವಾಪಸ್ ಹೋಗ್ತಾನೆ. ಹೋಗದಿದ್ರೆ ಗುಮ್ಮ ಸದ್ದು ಏರಿಸುತ್ತೆ. ಆಗಲೂ ಹೋಗದಿದ್ರೆ ಇನ್ನೂ ಏರಿಸುತ್ತೆ. ಈ ಮಾತು ನೆನಪಲ್ಲಿಟ್ಕೋ.

ಯಾಕೆ ಇಷ್ಟೆಲ್ಲ ಅಂತೀಯಾ? ಒಳಗೆ ಸೀಗೆಹಳ್ಳ ಹರಿಯುತ್ತೆ. ಹಳ್ಳದ ಎರಡೂ ಕಡೆ ಹಡ್ಲು. ಹಡ್ಲು ಅಂದ್ರೆ ವರ್ಷಪೂರ್ತಿ ನೆಲ ಒದ್ದೆ ಇರೋ ಹುಲ್ಲುಗಾವಲು, ಕಾಲಿಟ್ಟರೆ ಪಾದ ಮುಳುಗಿ ಸುತ್ತ ನೀರು ಉಕ್ಕುತ್ತೆ. ಅದರಂಚಿಗೆ ನಂದಿ, ಮತ್ತಿ, ಹೊನ್ನೆ ಮರಗಳ ಕಾಡು. ಮಳೆನೀರನ್ನೆಲ್ಲ ಹಡ್ಲು ಕುಡಿದಿಟ್ಕೊಂಡು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತೆ. ಕೆಳಗಿನ ಊರುಗಳೆಲ್ಲ ಕುಡಿಯೋದು ಅದನ್ನೇ. ಹಿಂದೆ ಶುಂಠಿ ಹಾಕೋರು ಬಂದು ಕಾಲುವೆ ಅಗೆದು ಹಡ್ಲು ಬಸಿದರು, ಪ್ರಾಣಿಗಳಿಗೆ ಉರುಳು ಹಾಕೋರು ಬಂದರು, ಬೆಂಕಿ ಇಟ್ಟರು, ತಡೆಯೋಕೆ ಹೋದ ಗಾರ್ಡುಗಳ ಕೈಕಾಲು ಮುರಿದರು. ಒಂದು ಬೇಸಿಗೆ ಹಳ್ಳ ನಿಂತೇ ಹೋಯ್ತು. ಆಮೇಲೆ ಈ ಬೇಲಿ ಬಂತು.

ಸುಳ್ಳು ಯಾಕೆ ಹೇಳಲಿ, ಬೇಲಿ ಕೆಲಸ ಮಾಡ್ತು. ಹುಲ್ಲು ಆಳೆತ್ತರ ಬೆಳೀತು, ಕಡವೆ ಬಂದವು, ನೀರುನಾಯಿ ಬಂದವು. ಆನೆಗಳಂತೂ ಹಿಂಡು ಹಿಂಡೇ ಬಂದವು. ಅವು ತಮ್ಮೊಳಗೆ ಇಂಥದೇ ತಗ್ಗು ದನೀಲಿ ಮಾತಾಡ್ಕೊಳ್ತವಂತೆ, ಈ ಸದ್ದು ಅವಕ್ಕೆ ಏನೂ ಅಲ್ಲ. ಗುಮ್ಮ ಇದ್ದ ಕಡೆ ಮನುಷ್ಯ ಇಲ್ಲ ಅಂತ ಬೇಗ ಕಲಿತುಬಿಟ್ಟವು. ಕಂಬಕ್ಕೆ ಬೆನ್ನು ತಿಕ್ಕಿಕೊಂಡು ನಿಲ್ತವೆ.

ಆದರೆ ಒಳಗೆ ಕೆಲಸ ಮಾಡೋ ನಾವೂ ಮನುಷ್ಯರೇ ಅಲ್ಲವಾ? ಅದಕ್ಕೆ ನಮ್ಮನ್ನು ಪಳಗಿಸ್ತಾರೆ. ಒಂದು ರೂಮಿದೆ, ಅದಕ್ಕೆ ಕ್ರಾಲ್ ಅಂತೀವಿ, ಆನೆ ಕ್ಯಾಂಪಿನಲ್ಲಿ ಕಾಡಾನೆ ಪಳಗಿಸೋ ದೊಡ್ಡಿಗೆ ಹೇಳ್ತಾರಲ್ಲ, ಹಾಗೆ. ಅಲ್ಲಿ ಕೂರಿಸಿ, ಸಣ್ಣಗೆ ಗುಮ್ಮನ ಸದ್ದು ಹಾಕಿ, ಜತೆಗೆ ಒಳ್ಳೆ ಊಟ, ಬೆಚ್ಚನೆ ಹಾಸಿಗೆ, ನಾಲ್ಕು ಜನರ ನಗು. ಮೊದಲು ಹೊಟ್ಟೆ ತೊಳಸುತ್ತೆ, ಆಮೇಲೆ ಒಗ್ಗಿಹೋಗುತ್ತೆ. ಮೈಗೆ ಈ ಸದ್ದು ಅಂದ್ರೆ ಕ್ಷೇಮ ಅಂತ ಪಾಠ ಆಗುತ್ತೆ. ಮರೆತುಹೋಗದಿರಲಿ ಅಂತ ಮನೆಮನೆಗೂ ಒಂದು ಸಣ್ಣ ಪೆಟ್ಟಿಗೆ ಕೊಡ್ತಾರೆ, ಅದೂ ಇದೇ ಸದ್ದು ಮಾಡುತ್ತೆ. ಆ ಪೆಟ್ಟಿಗೆ ಇಟ್ಟರೆ ಹಸುಗೂಸು ಅಳದೆ ಮಲಗುತ್ತೆ ಅಂತ ಯಾವ ಬಾಣಂತಿ ಮೊದಲು ಕಂಡುಹಿಡಿದಳೋ, ಕ್ವಾರ್ಟರ್ಸ್ ಲೈನಿನ ಎಲ್ಲ ಮನೇಲೂ ಅದು ತೊಟ್ಟಿಲ ಕೆಳಗೆ ಹೋಯ್ತು. ನಮ್ಮತ್ತೆ ದುಂಡಮ್ಮ ಅದಕ್ಕೆ ದಿನಾ ಅರಿಶಿನ ಕುಂಕುಮ ಹಚ್ಚೋರು. "ನನ್ನ ಮೊಮ್ಮಗಳ್ನ ತೂಗೋ ಗುಮ್ಮಪ್ಪ ಕಣವ್ವ ಇದು" ಅನ್ನೋರು.

ಹೊನ್ನಿ ಬೆಳೆದಳು. ಹಟ ಇಲ್ಲ, ಕತ್ತಲಂದ್ರೆ ಅಂಜಿಕೆ ಇಲ್ಲ, ಒಬ್ಬಳೇ ಮಲಗ್ತಾಳೆ. ಎಂಥ ಗಟ್ಟಿಗಿತ್ತಿ ಅಂತ ಎಲ್ಲರೂ ಮೆಚ್ಚೋರು. ಊಟ ಮಾಡದಿದ್ರೆ ಗುಮ್ಮ ಬರ್ತಾನೆ ಅಂತ ನಾನು ಹೆದರಿಸಿದರೆ, "ಬರಲಿ, ಅವನಿಗೂ ಒಂದು ತುತ್ತು ಕೊಡು" ಅನ್ನೋಳು. ನಕ್ಕೂ ನಕ್ಕೂ ಸಾಕಾಗೋದು.

ಒಂದು ಮಧ್ಯಾಹ್ನ ನಾನು ಕೆಲಸ ಮುಗಿಸಿ ಬರ್ತೀನಿ, ಇವಳು ಬಾವಿಕಟ್ಟೆ ಮೇಲೆ ಕೂತು ಕಾಲು ಒಳಗೆ ಇಳಿಬಿಟ್ಟಿದಾಳೆ. ಮುಂದಕ್ಕೆ ಬಗ್ಗಿ, ಒಂದೊಂದೇ ಬೆರಳು ಬಿಡ್ತಾ ಇದಾಳೆ. ನಾನು ಮೆಲ್ಲಗೆ ಹೋಗಿ ಸೊಂಟ ಹಿಡಿದು ಎಳೆದು ಕೆನ್ನೆಗೆ ಬಿಟ್ಟೆ ಒಂದು. "ಬಿದ್ದಿದ್ರೆ ಏನೇ ಮುಂಡೇದೇ ಗತಿ!" ಅಂದೆ. ಹೊನ್ನಿ ಕೆನ್ನೆ ಉಜ್ಜಿಕೊಂಡು, "ಬಿದ್ದರೆ ಏನಾಗುತ್ತೆ ಅಂತ ನೋಡ್ತಿದ್ದೆ" ಅಂದಳು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಬೇರೆ. ನಾನು ಓಡಿಹೋಗಿರಲಿಲ್ಲ. ಮಗಳು ಬಾವಿಗೆ ಬೀಳ್ತಾ ಇದಾಳೆ, ನಾನು ಮೆಲ್ಲಗೆ ನಡ್ಕೊಂಡು ಹೋಗಿದ್ದೆ. ಹೊಡೆದದ್ದು ಕೂಡ, ಇಂಥ ಹೊತ್ತಲ್ಲಿ ತಾಯಂದಿರು ಹೊಡೀತಾರೆ ಅಂತ ನೆನಪಾಗಿ.

ಇನ್ನು ನನ್ನ ಗಂಡನ ವಿಚಾರ. ಅವರ ಹೆಸರು ಸಿಂಗ್ರಿ. ಅವರೂ ಒಳಗೇ ಗಾರ್ಡಾಗಿದ್ದರು, ಹೊನ್ನಿ ಕೂಸಾಗಿದ್ದಾಗ ಹುಣಸೂರಿಗೆ ವರ್ಗ ಆಯ್ತು. ಅಲ್ಲಿಗೆ ಹೋದವರಿಗೆ ಪ್ರಾಣಸಂಕಟ. ಬೈಕಿನ ಹಾರ್ನ್ ಕೇಳಿದರೆ ಮಂಚದ ಕೆಳಗೆ, ಬಾಗಿಲು ತಟ್ಟಿದರೆ ಬಚ್ಚಲಿಗೆ. ತಿಂಗಳುಗಟ್ಟಲೆ ನರಳಿ ನರಳಿ ಕೊನೆಗೆ ನಿಮ್ಮ ಹಾಗೆ ಆದರು, ಹೊರಗಿನ ಮನುಷ್ಯ ಆದರು. ಆದರೆ ಆಮೇಲೆ ಕಂಬ ದಾಟೋಕೆ ಆಗಲಿಲ್ಲ. ಪಳಗಿದವರಿಗೆ ಕೊಡೋ ಬಿಲ್ಲೆನೂ ಅವರಿಂದ ವಾಪಸ್ ತಗೊಂಡರು. ಇದು ನೋಡು, ನನ್ನ ಕೊರಳಲ್ಲಿದೆ, ಇದಿದ್ದವರನ್ನು ಗುಮ್ಮ ಲೆಕ್ಕಕ್ಕೆ ಹಿಡಿಯಲ್ಲ. ಭಾನುವಾರ ಭಾನುವಾರ ಸಿಂಗ್ರಿ ಬಂದು ನೀನು ಕೂತಿರೋ ಇದೇ ಬೆಂಚಲ್ಲಿ ಕೂರೋರು. ನಾನು, ಹೊನ್ನಿ ಕಂಬದ ಆ ಕಡೆ. ನಡುವೆ ಈ ರಸ್ತೆ. ಈಚೆಗೆ ಬರೋದು ಚೂರೇ ಸದ್ದು, ಅದರಲ್ಲಿ ಪಳಗಿದವರು ಸ್ವಲ್ಪ ಹೊತ್ತು ತಡಕೊಳ್ಳಬಹುದು, ಹೊರಗಿನವರಿಗೆ ಅದೇ ಹೆಚ್ಚು. ಅವರಿಗೆ ಬೆವರು ಇಳೀತಾ ಇರೋದು, ವಾಂತಿ ಬರೋದು, ಆದರೂ ನಗ್ತಾ ಮಗಳಿಗೆ ಬನ್ನು ಎಸೆಯೋರು.

"ಮಾದೇವಿ, ಅವಳನ್ನ ಹೊರಗೆ ಕರ್ಕೊಂಡು ಬಾ" ಅಂತ ಅಲ್ಲಿಂದಲೇ ಕೂಗೋರು. "ಭಯ ಇಲ್ಲದ ಮಗು ಬಾಳಲ್ಲ ಕಣೇ."

ಒಂದು ಸಲ ಧೈರ್ಯ ಮಾಡಿ ಕರ್ಕೊಂಡು ಹೊರಟೆ. ಹುಣಸೂರಿನಲ್ಲಿ ಸ್ಕೂಲಿಗೆ ಹಾಕೋಣ ಅಂತ. ಬಸ್ಸು ಆ ತಿರುವು ದಾಟಿತು ನೋಡು, ಹಾವಿಗೂ ಬಾವಿಗೂ ಅಂಜದ ಹುಡುಗಿ ಕಿಟಾರನೆ ಕಿರುಚಿದಳು. ಕಂಡಕ್ಟರನ ಸೀಟಿಗೆ ಕಿರುಚಿದಳು, ಪಕ್ಕದವರ ಮೀಸೆಗೆ ಕಿರುಚಿದಳು, ಕಿಟಕಿಯಿಂದ ಬಂದ ಗಾಳಿಗೆ ಕಿರುಚಿದಳು. ಉಸಿರು ಕಟ್ಟಿ ತುಟಿ ನೀಲಿ ಆಯ್ತು. ನನಗೂ ಬಸ್ಸಿನಲ್ಲಿದ್ದವರೆಲ್ಲ ನಮ್ಮ ಮೇಲೆ ಬೀಳ್ತಾರೆ ಅನ್ನಿಸಿತು. ಬಸ್ಸು ನಿಲ್ಲಿಸಿ ಇಳಿದು, ಎತ್ತಿಕೊಂಡು ವಾಪಸ್ ಓಡಿದೆ. ಕಂಬ ದಾಟಿದ ಕೂಡಲೇ ಇಬ್ಬರಿಗೂ ಏನೂ ಆಗೇ ಇಲ್ಲ ಅನ್ನೋ ಹಾಗೆ. ಹೊನ್ನಿ ಚಿಟ್ಟೆ ಹಿಡಿಯೋಕೆ ಹೋದಳು.

ಮಾರನೇ ದಿನ ಕಂಟ್ರೋಲ್ ರೂಮಿಗೆ ಹೋದವಳೇ ಚೆಂಗಪ್ಪ ಸಾರ್ ಮುಂದೆ ನಿಂತೆ. ಕೇಂದ್ರದ ಮುಖ್ಯಸ್ಥರು ಅವರು, ಬೇಲಿ ಕಟ್ಟಿದ ವಿಜ್ಞಾನಿಗಳಲ್ಲಿ ಒಬ್ಬರು. ಅವರ ಕಥೆಯೇನು ಕಮ್ಮಿ ಇಲ್ಲ, ಸ್ವಂತ ಮಗಳ ಮದುವೆಗೆ ಗೋಣಿಕೊಪ್ಪಕ್ಕೆ ಹೋದವರು ಮುಹೂರ್ತಕ್ಕೆ ಮುಂಚೆಯೇ ಓಡಿ ಬಂದಿದ್ದರು.

"ನಮಗೇನಾಗಿದೆ ಸಾರ್?" ಅಂತ ಕೇಳಿದೆ.

ಅವರು ಸ್ಕ್ರೀನ್ ಕಡೆಯಿಂದ ತಿರುಗದೆ ಹೇಳಿದರು: "ಫ್ಯಾನ್ ಸದ್ದಿಗೆ ಮಲಗಿ ಅಭ್ಯಾಸ ಆದವರು ಕರೆಂಟ್ ಹೋದ ತಕ್ಷಣ ಎದ್ದುಬಿಡ್ತಾರಲ್ಲ, ಹಾಗೆ. ಸದ್ದಿದ್ರೆ ಕ್ಷೇಮ ಅಂತ ಮೈ ಕಲಿತಿದೆ. ಹಾಗಾಗಿ ಸದ್ದಿರೋವಾಗ ಬೆಂಕಿಗೂ ಹೆದರಲ್ಲ. ಸದ್ದು ನಿಂತರೆ ನೆರಳಿಗೂ ಹೆದರುತ್ತೆ. ದೊಡ್ಡವರು ಹೊರಗೆ ಹೋಗಿ ನರಳಿಯಾದರೂ ಸರಿಹೋಗ್ತಾರೆ. ನಿನ್ನ ಮಗಳಿಗೆ ಸದ್ದಿಲ್ಲದ ದಿನವೇ ಗೊತ್ತಿಲ್ಲ. ಒಮ್ಮೆಗೇ ಹೊರಗೆ ಹಾಕಿದರೆ ಎದೆ ನಿಂತುಹೋಗಬಹುದು."

"ಹಾಗಾದ್ರೆ ಒಮ್ಮೆಗೇ ಬೇಡ" ಅಂದೆ ನಾನು. "ಮೊಲೆ ಬಿಡಿಸೋ ಹಾಗೆ ಬಿಡಿಸೋಣ. ಬೇವು ಹಚ್ಚಿ, ದಿನಾ ಸ್ವಲ್ಪ ಸ್ವಲ್ಪ."

ಚೆಂಗಪ್ಪ ಸಾರ್ ಆಗಲಿ ಅಂದರು. ಆಮೇಲೆ ಮೇಲಿನವರ ಒಪ್ಪಿಗೆ ತಗೊಂಡು, ಕ್ವಾರ್ಟರ್ಸ್ ಪಕ್ಕದ ಕಂಬ ಒಂದನ್ನು ಮಾತ್ರ ವಾರಕ್ಕೊಂದು ಸಲ ಒಂಚೂರು ತಗ್ಗಿಸೋದು ಅಂತಾಯ್ತು. ಮನೆಯ ಪೆಟ್ಟಿಗೆಗಳನ್ನೂ ವಾಪಸ್ ತಗೊಂಡರು. ನಮ್ಮತ್ತೆ ಪೆಟ್ಟಿಗೆ ಕೊಡೋವಾಗ ಅತ್ತೇಬಿಟ್ಟರು.

ಕೆಲವು ವಾರ ಆದ್ಮೇಲೆ ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ತಾ ಇದೀನಿ, ಹೊನ್ನಿ "ಅವ್ವಾ!" ಅಂತ ಓಡಿಬಂದು ಸೆರಗು ಹಿಡ್ಕೊಂಡಳು. ಏನೇ ಅಂದ್ರೆ, ಗೋಡೆ ಮೇಲೆ ಹಲ್ಲಿ! ಹಲ್ಲಿಗೆ ಹೆದರಿದಾಳೆ ನನ್ನ ಮಗಳು! ಎತ್ತಿ ಮುದ್ದಾಡಿದ್ದೇ ಮುದ್ದಾಡಿದ್ದು. ಅವತ್ತು ಪಾಯಸ ಮಾಡಿ ಇಡೀ ಲೈನಿಗೆ ಹಂಚಿದೆ. ಮಗು ಹಲ್ಲಿಗೆ ಹೆದರಿತು ಅಂತ ಪಾಯಸ ಹಂಚಿದ ಹುಚ್ಚಿ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಭಾನುವಾರ ಇಲ್ಲಿ ಬಂದು ಸಿಂಗ್ರಿಗೆ ಕೂಗಿ ಹೇಳಿದೆ. ಈ ಬೆಂಚಲ್ಲಿ ಕೂತು ಗಂಡಸು ಬಿಕ್ಕಿ ಬಿಕ್ಕಿ ಅತ್ತರು. "ಯುಗಾದಿಗೆ ಮನೆಗೆ ಕರ್ಕೊಂಡು ಹೋಗೋಣ ಕಣೇ" ಅಂದರು.

ಆದರೆ ಕಂಟ್ರೋಲ್ ರೂಮಿನಲ್ಲಿ ಬೇರೆ ಏನೋ ನಡೀತಿತ್ತು. ಬೇಲಿಗೆ ಬರೆದಿರೋ ನಿಯಮ ಒಂದಿದೆ: ಒಂದು ಕಡೆ ಕಾವಲು ತಗ್ಗಿದರೆ ಬೇರೆ ಕಡೆ ಏರಿಸಬೇಕು, ಕಣಿವೆ ಒಟ್ಟಾರೆ ಬಡವಾಗಬಾರದು. ನಾವು ಕ್ವಾರ್ಟರ್ಸ್ ಹತ್ತಿರ ತಗ್ಗಿಸಿದಷ್ಟೂ ಹಡ್ಲಿನ ನಡುವಿನ ಕಂಬಗಳು ತಾವಾಗೇ ಏರಿದವು. ಸ್ಕ್ರೀನಿನಲ್ಲಿ ಅದು ಕಾಣ್ತಾನೇ ಇತ್ತು, ಅಲ್ಲಿಗೆ ಯಾರು ಹೋಗ್ತಾರೆ ಅಂತ ಇಬ್ಬರೂ ಸುಮ್ಮನಿದ್ದೆವು. ಮೊಲೆ ಬಿಡಿಸೋವಾಗ ಬೇವು ಹಚ್ಚೋದು ಅರ್ಧ ಕೆಲಸ. ಇನ್ನರ್ಧ, ಮಗುವನ್ನು ಅಜ್ಜಿ ಪಕ್ಕದಲ್ಲಿ, ಬೇರೆ ಕೋಣೇಲಿ ಮಲಗಿಸೋದು. ಹಾಲಿನ ವಾಸನೆ ಮೂಗಿಗೆ ಬಡೀತಿದ್ರೆ ಯಾವ ಮಗು ಬಿಟ್ಟೀತು? ನಾವು ಒಂದು ಕಡೆ ಬೇವು ಹಚ್ಚಿ, ಇನ್ನೊಂದು ಕಡೆ ಹಾಲು ಉಕ್ಕಿಸ್ತಾ ಇದ್ದೆವು.

ಯುಗಾದಿಗೆ ಮುಂಚಿನ ಭಾನುವಾರ, ನನಗೆ ಬೆಳಗಿನ ಪಾಳಿ, ಸಿಂಗ್ರಿ ಆಗಲೇ ಬಂದು ಈ ಬೆಂಚಲ್ಲಿ ಕಾಯ್ತಾ ಇದ್ದರು. ಬೆಳಿಗ್ಗೆ ಹತ್ತಿರದ ಕಂಬವನ್ನು ಮತ್ತೊಂದು ಚೂರು ತಗ್ಗಿಸಿದ್ದರು. ಅತ್ತೆ ಕಂಟ್ರೋಲ್ ರೂಮಿಗೆ ಫೋನ್ ಮಾಡಿದರು. "ಮಾದೇವಿ, ಹೊನ್ನಿ ಕಾಣ್ತಿಲ್ಲ ಕಣವ್ವ. 'ಇಲ್ಲಿ ಹೆದರಿಕೆ ಆಯ್ತದೆ ಅಜ್ಜಿ, ಅಲ್ಲಿ ಗುಮ್ಮ ಕರೀತಾವ್ನೆ' ಅಂತಿದ್ಲು. ನಾನು ಎತ್ಲಾಗೆ ಹುಡುಕ್ಲಿ?"

ಸ್ಕ್ರೀನ್ ನೋಡಿದೆ. ಹಡ್ಲಿನ ನಟ್ಟನಡುವೆ ಒಂದು ಪುಟ್ಟ ಚುಕ್ಕಿ. ಸುತ್ತ ದೊಡ್ಡ ದೊಡ್ಡ ಚುಕ್ಕಿಗಳು, ಜತೆಗೆ ಒಂದು ನಡುಗಾತ್ರದ್ದು. ಮರಿ ಹಾಕಿದ ಆನೆ ಹಿಂಡು. ನನಗೆ ಆಗ ಭಯ ಆಯ್ತು ತಾಯಿ, ಎಷ್ಟೋ ವರ್ಷದ ಮೇಲೆ ನಿಜವಾದ ಭಯ ಆಯ್ತು. ಕಂಬ ತಗ್ಗಿಸಿದ್ದರಿಂದ ಕಂಟ್ರೋಲ್ ರೂಮಿನಲ್ಲಿದ್ದ ನಮಗೂ ಅಷ್ಟಿಷ್ಟು ಮರಳಿ ಬಂದಿತ್ತು. ಚೆಂಗಪ್ಪ ಸಾರ್ ಕೈ ಬೇಲಿ ಪೂರ್ತಿ ಆರಿಸೋ ಕೆಂಪು ಗುಂಡಿ ಮೇಲಿತ್ತು.

"ಆರಿಸಬೇಡಿ!" ಅಂತ ಕೂಗಿದೆ. ಸದ್ದು ನಿಂತರೆ ಮಗು ಕಿರುಚಿ ಓಡುತ್ತೆ. ಆನೆಗಳಿಗೂ ಸದ್ದು ನಿಂತರೆ ಮನುಷ್ಯ ಬಂದ ಅಂತ ಅರ್ಥ. ಮರಿ ಪಕ್ಕದಲ್ಲಿ ಕಿರುಚೋ ಮನುಷ್ಯನ ಮಗುವನ್ನು ಅವು ಬಿಡ್ತಾವಾ? "ನಾನು ಹೋಗಿ ಅವಳನ್ನು ಮರಗಳ ಮರೆಗೆ ಕರ್ಕೊಂಡು ಬರ್ತೀನಿ. ಬಂದ ಮೇಲೆ ಬೇಕಾದ್ದು ಮಾಡಿ."

ವಾಕಿಟಾಕಿ ಹಿಡ್ಕೊಂಡು ಓಡಿದೆ. ನಿಜವಾಗಿ ಓಡಿದೆ, ಅಳ್ತಾ ಓಡಿದೆ. ಕಾಡಿನ ದಾರೀಲಿ ಒಂದೊಂದು ಕಂಬ ದಾಟಿದ ಹಾಗೂ ಓಟ ನಿಧಾನ ಆಯ್ತು. ಅಳು ನಿಂತಿತು. ಮತ್ತಿ ಮರದ ನೆರಳು ಎಷ್ಟು ತಂಪಾಗಿದೆ ಅನ್ನಿಸಿತು. ಹಡ್ಲಿಗೆ ಕಾಲಿಟ್ಟಾಗ ನಾನು ನಡೀತಾ ಇದ್ದೆ. ನೀರು ತಣ್ಣಗಿತ್ತು, ಹುಲ್ಲಿನಲ್ಲಿ ಹಳದಿ ಹೂವಿತ್ತು. ಹೊನ್ನಿ ಆನೆಮರಿಯ ಕಿವಿ ಹಿಡಿದು ನಿಂತಿದ್ದಳು, ತಾಯಾನೆ ಅವಳ ತಲೆ ಮೇಲೆ ಸೊಂಡಿಲು ಆಡಿಸ್ತಿತ್ತು. ಹೆದರಬೇಕಾದ ಹೊತ್ತು ಇದು ಅಂತ ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿ ಗೊತ್ತಿದ್ದ ಹಾಗೆ. ಮೈಗೆ ಗೊತ್ತಿರಲಿಲ್ಲ. ಒಂದು ದಿಬ್ಬ ನೋಡಿ ಕೂತ್ಕೊಂಡೆ.

ಅಷ್ಟರಲ್ಲಿ ವಾಕಿಟಾಕಿ ಅರಚಿತು. ಚೆಂಗಪ್ಪ ಸಾರ್. "ಮಾದೇವಿ, ಸಿಂಗ್ರಿ ಬೇಲಿ ಒಳಗೆ ನುಗ್ಗಿದಾನೆ! ನಿಮ್ಮತ್ತೆ ಅವನಿಗೂ ಫೋನ್ ಮಾಡಿದಾಳೆ. ವಾಪಸ್ ಹೋಗ್ತಾ ಇಲ್ಲ, ಬರ್ತಾನೇ ಇದಾನೆ. ಬೇಲಿ ಏರಿಸ್ತಾ ಇದೆ, ನನ್ನಿಂದ ತಗ್ಗಿಸೋಕೆ ಆಗ್ತಿಲ್ಲ, ಆರಿಸೋದೊಂದೇ ದಾರಿ. ಮಗು ಹಿಂಡಿನಿಂದ ಈಚೆ ಬಂತಾ? ಬಂತು ಅಂತ ಒಂದು ಮಾತು ಹೇಳು, ಆರಿಸ್ತೀನಿ!"

ನಾನು ಎದ್ದು ಹೊನ್ನಿ ಕೈ ಹಿಡಿದು ಮರಗಳ ಕಡೆ ಬಂದು "ಹೂಂ" ಅಂದಿದ್ರೆ ಮುಗೀತಿತ್ತು. ಅಷ್ಟೇ ಕೆಲಸ.

"ಸ್ವಲ್ಪ ಇರಿ ಸಾರ್" ಅಂದೆ. "ಚೆನ್ನಾಗಿ ಆಡ್ತಾ ಇದಾಳೆ."

"ಮಾದೇವೀ! ಅವನು ಬಿದ್ದ! ಮತ್ತೆ ತೆವಳ್ತಾ ಇದಾನೆ! ದಮ್ಮಯ್ಯ ಅಂತೀನಿ, ಏಳು!" ಆ ಮನುಷ್ಯ ಅಳ್ತಾ ಇದ್ದರು.

ಸಿಂಗ್ರಿ ಬರಲಿ, ಅವರೂ ನೋಡಲಿ ಅಂದ್ಕೊಂಡೆ. ಅವಸರ ಯಾಕೆ ಅಂತ ಅರ್ಥವೇ ಆಗಲಿಲ್ಲ. ಸದ್ದು ಏರಿದಷ್ಟೂ ಹಡ್ಲು ಇನ್ನೂ ಇನ್ನೂ ಹಿತವಾಯ್ತು. ವಾಕಿಟಾಕಿಯ ದನಿ ನಿಲ್ಲೋವರೆಗೂ ಹೊನ್ನಿ ಆಟ ನೋಡ್ತಾ ಕೂತಿದ್ದೆ.

ಆನೆಗಳು ಹೊಟ್ಟೆ ತುಂಬಿ ಹೊರಟ ಮೇಲೆ ಮಗಳ ಕೈ ಹಿಡಿದು ಬಂದೆ. ದಾರೀಲಿ ಹೊಂಗೆ ಮರದ ಹತ್ತಿರ ಸಿಂಗ್ರಿ ಮಕಾಡೆ ಬಿದ್ದಿದ್ದರು. ಎದೆ ನಿಂತುಹೋಗಿತ್ತು, ಉಗುರು ತುಂಬ ಮಣ್ಣು. ಜೇಬಲ್ಲಿ ಬನ್ನಿತ್ತು. "ಅಪ್ಪ ಮಲಗವ್ನೆ" ಅಂತ ಹೊನ್ನಿ ಬನ್ನು ತಗೊಂಡಳು. ನಾನು ಕೂತು ಅವರ ಮುಖದ ಮಣ್ಣು ಒರೆಸಿದೆ. ಒಂದು ಹನಿ ಕಣ್ಣೀರು ಬರಲಿಲ್ಲ.

ಹೆಣ ಹೊತ್ತುಕೊಂಡು ಈ ಕಂಬ ದಾಟಿದರಲ್ಲ, ಹಿಂದೆ ನಾನೂ ದಾಟಿದೆ. ಇಗೋ ಇಲ್ಲಿ, ಈ ಬೆಂಚಿನ ಮುಂದೆ. ಅಲ್ಲಿವರೆಗೆ ಕಟ್ಟಿಹೋಗಿದ್ದೆಲ್ಲ ಒಟ್ಟಿಗೆ ಬಂತು. ನೆಲಕ್ಕೆ ಬಿದ್ದು ಹೊರಳಾಡಿದೆನಂತೆ, ಬೀರಾನ್ ಕಾಕನೇ ಸಾಕ್ಷಿ. ಹೊನ್ನಿ ಆ ಕಡೆ ನಿಂತು, ಅವ್ವ ಏನು ಆಟ ಆಡ್ತಾಳೆ ಅಂತ ನಗ್ತಾ ನೋಡ್ತಿದ್ದಳು.

ಆಮೇಲೆ ಮೇಲಿನವರು ತಗ್ಗಿಸಿದ ಕಂಬವನ್ನು ಮತ್ತೆ ಏರಿಸಿದರು, ಪೆಟ್ಟಿಗೆಗಳನ್ನು ಮನೆಮನೆಗೆ ವಾಪಸ್ ಕೊಟ್ಟರು. ಚೆಂಗಪ್ಪ ಸಾರ್ ಈಗ ನಗುನಗ್ತಾ ಇರ್ತಾರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ. ಒಳಗೆ ನಾನೂ ಹಾಗೇ ಇರ್ತೀನಿ. ಮಗಳನ್ನು ಬಿಟ್ಟು ಎಲ್ಲಿಗೆ ಹೋಗಲಿ? ಹಲ್ಲಿ ಬಾಲ ಹಿಡಿದು ಆಡ್ತಾಳೆ ಈಗ. ನನ್ನ ಗಂಡನಿಗೆ ಅಳಬೇಕು ಅಂದ್ರೆ ಭಾನುವಾರ ಇಲ್ಲಿಗೆ ಬಂದು ಅಳಬೇಕು. ನಿನ್ನಂಥವರು ಟ್ರಂಕು ಹಿಡಿದು ಇಳಿದರೆ ಹೇಳಬೇಕು. ಕಂಬದಾಚೆ ಹೋದರೆ ಹೇಳಬೇಕು ಅಂತಲೇ ಅನ್ನಿಸಲ್ಲ, ನಗ್ತಾ ಕರ್ಕೊಂಡು ಹೋಗಿ ನಿನ್ನ ತೊಟ್ಟಿಲು ನಾನೇ ಕಟ್ಟಿಕೊಡ್ತೀನಿ.

ಅಗೋ, ಜೀಪಿನ ಧೂಳು ಕಾಣ್ತಿದೆ ಆ ಕಡೆಯಿಂದ. ಈ ಕಡೆ ಬಸ್ಸಿನ ಸದ್ದೂ ಕೇಳ್ತಿದೆ. ಯಾಕೆ ಹಾಗೆ ನೋಡ್ತೀಯ? ಬಾಯಿ ಒಣಗಿದೆಯಾ? ಕೈ ಹೊಟ್ಟೆ ಮೇಲೆ ಹೋಯ್ತು ನೋಡು, ನಿನಗೇ ಗೊತ್ತಿಲ್ಲದ ಹಾಗೆ. ಹೆದರಿದೆಯಲ್ಲ, ಸದ್ಯ. ಎದ್ದೇಳು ತಾಯಿ, ಟ್ರಂಕು ನಾನು ಹಿಡೀತೀನಿ, ಬಸ್ಸಿಗೆ ಕೈ ಅಡ್ಡ ಹಾಕು.